ನೋವಾ ಸ್ಕೋಷಿಯಾದಲ್ಲಿ ಭಂಗಿ ಒಣಗಿಸಿದ ನಲವತ್ತು ದಿನ

ಕೆನಡಾಕ್ಕೆ ಹೋಗಿ ಬಂದವಳು ಎಂದು ತಿಳಿದ ಕೂಡಲೇ ಎಲ್ಲರೂ ಕೇಳುವುದು ನಯಾಗರದ ವಿಷಯ. ನಾನು ನಯಾಗರ ನೋಡಲಿಲ್ಲ. ನಾನಿದ್ದ ಊರಿನಿಂದ ಅದು ಎರಡು ದಿನದ ಕಾರು ಪ್ರಯಾಣ. ಹುಟ್ಟಿದಾಗಿನಿಂದ ಜೋಗದ ಮೇಲ್ಗಡೆಯ ಹಿನ್ನೀರಿನ ದಡದಲ್ಲೇ ಇದ್ದವಳಿಗೆ ಅದರ ಆಸೆಯೂ ಅಷ್ಟಾಗಿ ಇರಲಿಲ್ಲ. ನಾನು ಹೋಗಿದ್ದು ಗೆಳತಿಯ ಮನೆಯ ಹಿತ್ತಿಲಲ್ಲಿ ಬೆಳೆದ ಭಂಗಿ ಗಿಡಗಳನ್ನು ಒಣಗಿಸಿ, ಹದ ಮಾಡಿ, ಗಾಜಿನ ಭರಣಿಗೆ ತುಂಬಿ ಕೊಡುವುದಕ್ಕೆ. ಗಾಂಜಾ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮ ಕಡೆಯ ಹಳಬರು ಭಂಗಿ ಎನ್ನುತ್ತಾರೆ. ವರ್ಷಾನುಗಟ್ಟಲೆ ಮಕ್ಕಳಿಗೆ ಅಕ್ಷರ ತಿದ್ದಿಸಿದ ಟೀಚರು ಇಂಥ ಕೆಲಸಕ್ಕೆ ವಿಮಾನ ಹತ್ತಿದಳು ಎಂದು ನಮ್ಮೂರು ತುಮರಿಯಲ್ಲಿ ಯಾರ ಹತ್ತಿರ ಹೇಳಲಿ? ಗೆಳತಿಯ ಮನೆಗೆ ಹೋಗ್ತೀನಿ ಎಂದಷ್ಟೇ ಹೇಳಿ ಹೊರಟಿದ್ದೆ.

ಗೆಳತಿಯ ಹೆಸರು ಲೂಸಿ. ಹೊಸನಗರದವಳು. ಸಾಗರದ ಹಾಸ್ಟೆಲಿನಲ್ಲಿ ಪಿಯುಸಿಯ ಎರಡು ವರ್ಷ ನಾವಿಬ್ಬರೂ ಒಂದೇ ಕೋಣೆಯಲ್ಲಿದ್ದೆವು. ಆಮೇಲೆ ಅವಳು ನರ್ಸಿಂಗ್ ಓದಿ ಊರೂರು ಸುತ್ತಿ ಕೊನೆಗೆ ಕೆನಡಾ ಸೇರಿದಳು. ಅಲ್ಲಿ ದೋಣಿ ರಿಪೇರಿ ಮಾಡುತ್ತಿದ್ದ ಆ್ಯಲನ್ ಎಂಬುವನನ್ನು ಮದುವೆಯಾದಳು. ಈಗ ಆ್ಯಲನ್‌ಗೆ ನರದ ಕಾಯಿಲೆ. ಕೈ ನಡುಗುತ್ತದೆ, ಕಾಲು ಮರಗಟ್ಟಿ ನೋಯುತ್ತದೆ. ಅಲ್ಲಿಯ ಕಾನೂನಿನಂತೆ ಒಂದು ಮನೆಗೆ ನಾಲ್ಕು ಭಂಗಿ ಗಿಡ ಬೆಳೆಸಿಕೊಳ್ಳಬಹುದು. ಆ್ಯಲನ್ ವರ್ಷ ವರ್ಷವೂ ಬೆಳೆಸಿ, ಚಳಿಗಾಲ ಪೂರ್ತಿ ದಿನಕ್ಕೆ ಚೂರು ಚೂರು ಉಪಯೋಗಿಸುತ್ತಿದ್ದ. ಅದರಿಂದ ಕಾಯಿಲೆ ಹೋಗುವುದಿಲ್ಲ, ನಿದ್ದೆ ಬರುತ್ತದೆ, ಅಷ್ಟೇ ಎಂದು ಲೂಸಿ ಹೇಳಿದ್ದಳು.

ಅವಳು ಫೋನ್ ಮಾಡಿದ್ದು ಮಳೆಗಾಲದಲ್ಲಿ. "ಹೋದ್ವರ್ಷದ್ದೆಲ್ಲ ಬೂಸ್ಟು ಹಿಡ್ದು ಹೋತು ಕಣೆ ಸಾವಿತ್ರಿ. ಅವನ ಕೈಯಲ್ಲಿ ಕತ್ರಿ ನಿಲ್ಲಲ್ಲ, ನಂಗೆ ಅದರ ಹದ ಗೊತ್ತಾಗಲ್ಲ. ಅಂಗಡೀಲಿ ಸಿಗ್ತದೆ, ಆದ್ರೆ ಅದು ಅವನಿಗೆ ತಲೆ ಸುತ್ತಿಸ್ತದೆ. ನೀನು ವೆನಿಲ್ಲಾ ಒಣಗ್ಸಿದವಳಲ್ಲನೆ. ಬಂದು ಹೋಗು."

ಮಲೆನಾಡಿನವರೆಲ್ಲ ವೆನಿಲ್ಲಾ ಬಳ್ಳಿ ಹಬ್ಬಿಸಿದ ಕಾಲವೊಂದಿತ್ತು. ಆಗ ನಾನೂ ನನ್ನ ಗಂಡ ಮಂಜಪ್ಪನೂ ತೀರ್ಥಹಳ್ಳಿಯಲ್ಲಿ ಒಬ್ಬರ ಹತ್ತಿರ ಹೋಗಿ ಅದನ್ನು ಹದ ಮಾಡುವುದನ್ನು ಕಲಿತು ಬಂದಿದ್ದೆವು. ಕೋಡುಗಳನ್ನು ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಸುತ್ತಿ ಬೆವರಿಸಿ, ದಿನಕ್ಕಿಷ್ಟೇ ಎಂದು ಬಿಸಿಲು ತೋರಿಸಿ, ಆಮೇಲೆ ಪೆಟ್ಟಿಗೆಯಲ್ಲಿಟ್ಟು ತಿಂಗಳುಗಟ್ಟಲೆ ಮೂಸಿ ನೋಡುವ ಕೆಲಸ. ಬಳ್ಳಿಗೆ ರೋಗ ಬಂದು ಎಲ್ಲರೂ ಕಿತ್ತು ಹಾಕಿದ ಮೇಲೂ ನನ್ನ ಮೂಗಿನಲ್ಲಿ ಆ ಕಲಿಕೆ ಉಳಿದಿತ್ತು. ಮಂಜಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ನಾನು ನಿವೃತ್ತಳಾಗಿದ್ದೆ. ಲೂಸಿ ಕರೆದಳು, ಹೊರಟೆ.

ಹ್ಯಾಲಿಫ್ಯಾಕ್ಸ್

ವಿಮಾನ ನಿಲ್ದಾಣದಲ್ಲಿ ಅಧಿಕಾರಿಣಿಯೊಬ್ಬಳು ಕೈಗವಸು ತೊಟ್ಟು ನನ್ನ ಚೀಲದಿಂದ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ ಎತ್ತಿದಳು. ಮುಚ್ಚಳ ಸಡಿಲವಾಗಿ ಕೆಂಪು ರಸ ಪ್ಲಾಸ್ಟಿಕ್ಕಿನೊಳಗೆಲ್ಲ ಹರಡಿತ್ತು. ಅವಳು ಡಬ್ಬಿಯನ್ನು ಬೆಳಕಿಗೆ ಹಿಡಿದು, ಇದು ಯಾವ ಪ್ರಾಣಿ ಎಂದು ಕೇಳಿದಳು. "ಮ್ಯಾಂಗೋ. ಬೇಬಿ ಮ್ಯಾಂಗೋ" ಎಂದೆ. ಅವಳು ಮುಚ್ಚಳ ತೆಗೆದು ಮೂಸಿದಳು. ಮುಖ ಸ್ವಲ್ಪ ಹಿಂದೆ ಹೋಯಿತು. ನಂತರ ಇನ್ನೊಮ್ಮೆ ಮೂಸಿದಳು. ಬಂದ ಕಾರಣ ಕೇಳಿದ್ದಕ್ಕೆ, ಗೆಳತಿಯ ಗಂಡನಿಗೆ ಹುಷಾರಿಲ್ಲ ಎಂದೆ. ಸುಳ್ಳಲ್ಲ. ಭಂಗಿಯ ಮಾತು ಮಾತ್ರ ಎತ್ತಲಿಲ್ಲ.

ಲೂಸಿ ಬಾಗಿಲ ಬಳಿ ನಿಂತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. "ಬಂದ್ಯನೆ" ಎಂದಳು. ಅಷ್ಟೇ ಅಂದು ನನ್ನ ಕೈ ಹಿಡಿದವಳು ಕಾರಿನವರೆಗೂ ಬಿಡಲಿಲ್ಲ. ಅವಳ ಕನ್ನಡ ಹಾಸ್ಟೆಲಿನಲ್ಲಿ ಬಿಟ್ಟ ಹಾಗೇ ಇತ್ತು. ನಾವು ಊರಲ್ಲಿದ್ದವರೇ ಟಿವಿ ಕೇಳಿ ಕೇಳಿ ಬದಲಾಗಿದ್ದೇವೆ.

ಹಿತ್ತಿಲು

ಸಮುದ್ರದ ಪಕ್ಕದ ಸಣ್ಣ ಊರು. ಮರದ ಮನೆಗಳು, ನಡುವೆ ಬೇಲಿಯೇ ಇಲ್ಲ. ಅಕ್ಟೋಬರ್ ತಿಂಗಳು, ಮೇಪಲ್ ಮರಗಳು ಕೆಂಪಗೆ ಹೊತ್ತಿಕೊಂಡಂತಿದ್ದವು. ಆದರೆ ಬೆಳಗ್ಗೆ ಸಮುದ್ರದಿಂದ ಮಂಜು ಬಂದರೆ ಹತ್ತು ಗಂಟೆಯವರೆಗೂ ಎದುರು ಮನೆ ಕಾಣುತ್ತಿರಲಿಲ್ಲ. ಹಿನ್ನೀರಿನ ಮೇಲೆ ಮಂಜು ಕೂತಾಗ ನಮ್ಮಲ್ಲೂ ಹೀಗೆಯೇ. ಕಣ್ಣು ಮುಚ್ಚಿ ಉಸಿರೆಳೆದರೆ ತುಮರಿ ಎನಿಸುತ್ತಿತ್ತು, ತೆರೆದರೆ ಅಲ್ಲ.

ಆ್ಯಲನ್ ಎತ್ತರದ ಮನುಷ್ಯ, ಈಗ ಬಾಗಿದ್ದ. ನಡೆಯುವ ಚೌಕಟ್ಟು ಹಿಡಿದು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದ. ನಾಲ್ಕು ಗಿಡಗಳು ನನ್ನೆತ್ತರ ಬೆಳೆದು, ಟೊಮೆಟೊ ಗಿಡದ ಪಕ್ಕದಲ್ಲಿ ಏನೂ ಮುಚ್ಚುಮರೆಯಿಲ್ಲದೆ ನಿಂತಿದ್ದವು. ತುದಿಯ ಹೂಗೊಂಚಲು ನನ್ನ ಮುಂಗೈಯಷ್ಟು ದಪ್ಪ. ಮುಟ್ಟಿದರೆ ಹಲಸಿನ ಮೇಣದಂತೆ ಅಂಟು. ವಾಸನೆಯಲ್ಲಿ ಕಿತ್ತಳೆ ಸಿಪ್ಪೆ, ಹಸಿ ಮೆಣಸಿನಕಾಳು, ಅಡಿಯಲ್ಲೆಲ್ಲೋ ಹಸುವಿನ ಮೈಯ ಬಿಸಿ.

ನನಗೆ ಆ ವಾಸನೆಯ ಜೊತೆಗೆ ಮೊದಲು ಬಂದದ್ದು ಹೆದರಿಕೆ. ನಮ್ಮ ಪಕ್ಕದ ಹಳ್ಳಿಯಲ್ಲಿ ಒಬ್ಬ ಕೊಟ್ಟಿಗೆಯ ಹಿಂದೆ ಎರಡು ಗಿಡ ಹಾಕಿದ್ದನೆಂದು ಪೊಲೀಸರು ಕರೆದೊಯ್ದಿದ್ದರು. ಅವನ ಮಕ್ಕಳು ನನ್ನ ಶಾಲೆಯಲ್ಲಿದ್ದರು. ಆ ವರ್ಷವೆಲ್ಲ ಅವನ ಹೆಂಡತಿ ಬುತ್ತಿ ಕಟ್ಟಿಕೊಂಡು ಜೈಲಿಗೆ ಹೋಗಲು ಹಿನ್ನೀರು ದಾಟಿಸುವ ಲಾಂಚಿಗೆ ಕಾಯುತ್ತಿದ್ದುದನ್ನು ನೋಡಿದ್ದೆ.

"ಹತ್ತು ದಿನ, ತಂಪಿನಲ್ಲಿ, ಕತ್ತಲಿನಲ್ಲಿ. ಅವಸರ ಮಾಡಿದರೆ ಹುಲ್ಲಿನ ವಾಸನೆ ಬರುತ್ತದೆ, ತಡ ಮಾಡಿದರೆ ಬೂಸ್ಟು" ಎಂದು ಆ್ಯಲನ್ ಇಂಗ್ಲಿಷಿನಲ್ಲಿ ನಿಧಾನವಾಗಿ, ನನಗೆ ಅರ್ಥವಾಗುವಂತೆ ಹೇಳಿದ. ವೆನಿಲ್ಲಾದ ವಿಷಯದಲ್ಲಿ ಮಂಜಪ್ಪ ಹೆಚ್ಚು ಕಡಿಮೆ ಇದೇ ಮಾತು ಹೇಳುತ್ತಿದ್ದ.

ಮೂರನೆಯ ದಿನ

ಮಂಜು ಕರಗಿ ಎಲೆ ಒಣಗಿದ ಮೇಲೆ ಕೊಯ್ದೆವು. ಕೊಂಬೆ ಕೊಂಬೆಯಾಗಿ ಕತ್ತರಿಸಿ, ದೊಡ್ಡ ಎಲೆ ತೆಗೆದು, ನೆಲಮಾಳಿಗೆಯಲ್ಲಿ ಹಗ್ಗ ಕಟ್ಟಿ ತಲೆಕೆಳಗಾಗಿ ತೂಗುಹಾಕಿದೆವು. ಆ್ಯಲನ್ ಕೆಳಗಿಳಿಯಲಾರ. ಮೆಟ್ಟಿಲ ಮೇಲ್ಗಡೆ ಕುರ್ಚಿ ಹಾಕಿಕೊಂಡು ಕೂತು, ಒಂದಕ್ಕೊಂದು ತಾಗದಂತೆ ಹಾಕಿ, ಗಾಳಿ ಆಡಲಿ ಎನ್ನುತ್ತಿದ್ದ. ಕೈಯ ಅಂಟನ್ನು ನಾನು ಕೊಬ್ಬರಿ ಎಣ್ಣೆ ಹಚ್ಚಿ ತೆಗೆದದ್ದನ್ನು ಕಂಡು ಅವನಿಗೆ ಬಹಳ ಸಂತೋಷವಾಯಿತು. ಇಷ್ಟು ವರ್ಷ ಸೀಮೆಎಣ್ಣೆಯಂಥದ್ದೇನೋ ಹಾಕಿ ತಿಕ್ಕುತ್ತಿದ್ದನಂತೆ.

ಇನ್ನೂ ಕೆಲವು ಕೊಂಬೆ ಅಡುಗೆಮನೆಯ ಮೇಜಿನ ಮೇಲಿದ್ದಾಗ ಮನೆಯ ಮುಂದೆ ಪೊಲೀಸ್ ಕಾರು ಬಂದು ನಿಂತಿತು. ಲೂಸಿ ಕೆಳಗಿದ್ದಳು. ನನಗೆ ಏನು ತೋಚಿತೋ, ಹೊದ್ದುಕೊಂಡಿದ್ದ ಶಾಲನ್ನು ಎಳೆದು ಕೊಂಬೆಗಳ ಮೇಲೆ ಹರಡಿ, ಅದರ ಮೇಲೆ ಸೌತೆಕಾಯಿ ಇಟ್ಟು ಹೆಚ್ಚುತ್ತ ನಿಂತೆ. ಪೊಲೀಸಿನವನು ಬಂದದ್ದು ಕಳೆದುಹೋದ ಒಂದು ನಾಯಿಯನ್ನು ಕೇಳಿಕೊಂಡು. ಅವನು ಒಳಗೆ ಕಾಲಿಟ್ಟವನೇ ಗಾಳಿ ಮೂಸಿ, "ಈ ಸಲ ಒಳ್ಳೆ ಬೆಳೆ ಅಂತ ಕಾಣುತ್ತೆ ಆ್ಯಲನ್" ಎಂದ. ತನ್ನ ತಂಗಿಯ ಟೊಮೆಟೊಗಳೆಲ್ಲ ಈ ವರ್ಷ ಕೊಳೆತುಹೋದವು ಎಂದೂ ಹೇಳಿದ. ಶಾಲಿನ ತುದಿಯಿಂದ ಒಂದು ಹೂಗೊಂಚಲು ಹೊರಗೆ ಇಣುಕುತ್ತಿತ್ತು. ಅವನು ಅದನ್ನೂ ನೋಡಿದ, ಸೌತೆಕಾಯಿಯನ್ನೂ ನೋಡಿದ. ನನಗೆ ಶುಭ ಹಾರೈಸಿ ಹೋದ.

ಆ್ಯಲನ್ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಲೂಸಿಯೂ ಮೇಲೆ ಬಂದು ನಕ್ಕಳು. ನಾನೂ ನಕ್ಕೆ. ಆದರೆ ಶಾಲನ್ನು ತೆಗೆಯುವ ಮೊದಲು ಹೋಗಿ ಮುಂಬಾಗಿಲ ಚಿಲಕ ಹಾಕಿ ಬಂದೆ. ಅದನ್ನು ಆ್ಯಲನ್ ಗಮನಿಸಿದ. ನಗು ನಿಲ್ಲಿಸಿದ.

ನನ್ನ ತಪ್ಪು

ನಾನು ಬಂದ ಏಳನೆಯ ದಿನ ಅವರಿಬ್ಬರೂ ಆಸ್ಪತ್ರೆಯ ಪರೀಕ್ಷೆಗೆ ಹ್ಯಾಲಿಫ್ಯಾಕ್ಸಿಗೆ ಹೋದರು. ಮೂರು ದಿನ ಬಿಟ್ಟು ಬರುವವರಿದ್ದರು. ಅವರು ಹೊರಟ ಮೇಲೆ ಮಂಜು ಇಳಿಯಿತು, ಜೊತೆಗೆ ಸಣ್ಣ ಮಳೆ. ನೆಲಮಾಳಿಗೆಯ ಗೋಡೆ ಮುಟ್ಟಿದರೆ ತಣ್ಣಗೆ ಒದ್ದೆ. ನಮ್ಮ ಊರಿನಲ್ಲಿ ಒಣಗಿಸುವ ಯಾವ ವಸ್ತುವಿಗೂ ಶತ್ರು ಒಂದೇ, ಒದ್ದೆ. ಹೋದ ವರ್ಷದ ಬೂಸ್ಟಿನ ಮಾತು ಬೇರೆ ಕಿವಿಯಲ್ಲಿತ್ತು. ಹೀಟರನ್ನು ಕೆಳಗೆ ಒಯ್ದು ಹಚ್ಚಿದೆ.

ಮಾರನೆಯ ದಿನ ಮುಟ್ಟಿದರೆ ಹೂವು ಗರಿಗರಿ. ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು. ದಂಟು ಬಾಗಿಸಿ ನೋಡಬೇಕು, ಬಾಗಿದರೆ ಹಸಿ, ಟಪ್ಪೆಂದು ಮುರಿದರೆ ಆಯಿತು ಎಂದು ಆ್ಯಲನ್ ಹೇಳಿದ್ದ. ನಾನು ಒಂದೇ ಒಂದು ಸಣ್ಣ ಕೊಂಬೆ ಮುರಿದು ನೋಡಿದೆ. ಅದು ಮುರಿಯಿತು. ಸಾಕು ಎಂದುಕೊಂಡೆ. ಅವರು ಬರುವಷ್ಟರಲ್ಲಿ ಎಲ್ಲ ಮುಗಿಸಿಡೋಣ ಎಂಬ ಹುಮ್ಮಸ್ಸು. ದಿನವಿಡೀ ಕೂತು ಕತ್ತರಿಯಲ್ಲಿ ಸಣ್ಣೆಲೆ ಸವರಿ, ಆರು ದೊಡ್ಡ ಗಾಜಿನ ಭರಣಿಗಳಲ್ಲಿ ತುಂಬಿ, ಮುಚ್ಚಳ ಬಿಗಿದು, ಅಡುಗೆಮನೆಯ ಕಪಾಟಿನಲ್ಲಿ ಸಾಲಾಗಿ ಇಟ್ಟೆ.

ಮೂರನೆಯ ದಿನ ಅವರು ಬಂದಾಗ ಆ್ಯಲನ್ ನೇರ ಕಪಾಟಿನ ಬಳಿ ಹೋಗಿ ಒಂದು ಭರಣಿ ಇಳಿಸಲು ಹೇಳಿದ. ಲೂಸಿ ಮುಚ್ಚಳ ತೆಗೆದಳು. ಗಂಜಲ ನಿಂತ ಕೊಟ್ಟಿಗೆಯ ವಾಸನೆ ಅಡುಗೆಮನೆಗೆಲ್ಲ ಹರಡಿತು. ಹೀಟರಿನ ಒಣ ಗಾಳಿಗೆ ಮೇಲಿನ ಪದರ ಮಾತ್ರ ಗರಿಯಾಗಿತ್ತು. ದಂಟಿನೊಳಗಿನ ನೀರು ಮುಚ್ಚಿದ ಭರಣಿಯಲ್ಲಿ ಹೊರಗೆ ಬಂದು ಹೂವನ್ನೆಲ್ಲ ಮತ್ತೆ ಮೆತ್ತಗೆ ಮಾಡಿತ್ತು. ಒಂದು ಭರಣಿಯ ನಡುವೆ ಬಿಳಿ ಹತ್ತಿಯಂಥ ಬೂಸ್ಟು ಕಂಡಿತು.

"ಎಂತ ಮಾಡ್ದೆ ಮಾರಾಯ್ತಿ" ಎಂದಳು ಲೂಸಿ. ಸಿಟ್ಟಿನಿಂದಲ್ಲ. ಸಿಟ್ಟಿನಿಂದ ಅಂದಿದ್ದರೆ ಚೆನ್ನಾಗಿತ್ತು. ಇಡೀ ಚಳಿಗಾಲದ ನಿದ್ದೆಯನ್ನು ನಾನು ಹಾಳು ಮಾಡಿದೆ ಎಂದುಕೊಂಡು ನಿಂತೇ ಇದ್ದೆ. ಆ್ಯಲನ್ ಉಳಿದ ಭರಣಿಗಳನ್ನೂ ಒಂದೊಂದಾಗಿ ತೆಗೆಸಿ ನೋಡಿ, "ಒಂದು ಹೋಯಿತು. ಐದು ಇವೆ" ಎಂದ. ಬೂಸ್ಟು ಹಿಡಿದದ್ದನ್ನು ಪೂರ್ತಿ ಬಿಸಾಡಿಸಿದ. ಉಳಿದದ್ದನ್ನು ಹಳೆಯ ಕಾಗದದ ಚೀಲಗಳ ಮೇಲೆ ತೆಳ್ಳಗೆ ಹರಡಿಸಿದ. ಹೀಟರನ್ನು ಮುಟ್ಟಕೂಡದು ಎಂದ.

ಲಾಂಚ್

ಮರುದಿನ ನಾನು ಊಟ ಮಾಡಲಿಲ್ಲವೆಂದು ಲೂಸಿ ನನ್ನನ್ನೂ ಆ್ಯಲನ್‌ನನ್ನೂ ಕಾರಿನಲ್ಲಿ ಕೂರಿಸಿಕೊಂಡು ತಿರುಗಾಡಿಸಲು ಹೊರಟಳು. ಒಂದು ಕಡೆ ಹೊಳೆ ಅಡ್ಡ ಬಂತು. ದಡದಿಂದ ದಡಕ್ಕೆ ಉಕ್ಕಿನ ಹಗ್ಗ, ಆ ಹಗ್ಗದ ಜಾಡಿನಲ್ಲಿ ಚಲಿಸುವ ಚಪ್ಪಟೆ ದೋಣಿ. ಹತ್ತು ಹನ್ನೆರಡು ಕಾರು ಹಿಡಿಯುವಂಥದ್ದು, ನಮ್ಮೂರಿನ ಲಾಂಚಿನ ಹಾಗೆಯೇ. ನಾನು ಕಾರಿನಿಂದ ಇಳಿದು ಕಟಕಟೆ ಹಿಡಿದು ನಿಂತುಬಿಟ್ಟೆ.

ನಮ್ಮಲ್ಲಿ ಈಗ ಸೇತುವೆಯಾಗಿದೆ. ಎಲ್ಲರಿಗೂ ಅನುಕೂಲ. ಸೇತುವೆ ಬೇಕೆಂದು ನಾನೂ ಅರ್ಜಿಗಳಿಗೆ ಸಹಿ ಹಾಕಿದವಳು. ಆದರೆ ನನ್ನ ಮದುವೆಯ ದಿಬ್ಬಣ ಬಂದದ್ದು ಲಾಂಚಿನಲ್ಲಿ. ಮಂಜಪ್ಪನನ್ನು ಕೊನೆಯ ಸಲ ಆಸ್ಪತ್ರೆಯಿಂದ ಮನೆಗೆ ಕರೆತಂದದ್ದೂ ಲಾಂಚಿನಲ್ಲಿಯೇ. ಜೀಪಿನಲ್ಲಿ ಮಲಗಿದ್ದವನು, ನೀರು ಕಾಣ್ತದನ, ಸ್ವಲ್ಪ ಎತ್ತಿ ಕೂರ್ಸು ಎಂದಿದ್ದ.

ಆ್ಯಲನ್ ಚೌಕಟ್ಟು ಹಿಡಿದು ಪಕ್ಕಕ್ಕೆ ಬಂದು ನಿಂತ. ಲೂಸಿಯೂ ಬಂದಳು. ಆರು ವರ್ಷ ಯಾರಿಗೂ ಹೇಳದ್ದನ್ನು ನಾನು ಅಲ್ಲಿ ಹೇಳಿದೆ. ಲೂಸಿ ಒಂದೊಂದೇ ಮಾತನ್ನು ಇಂಗ್ಲಿಷಿಗೆ ಮಾಡಿ ಗಂಡನಿಗೆ ಹೇಳಿದಳು.

ಮಂಜಪ್ಪನಿಗೆ ಹೊಟ್ಟೆಯ ಕ್ಯಾನ್ಸರ್. ಡಾಕ್ಟರು ಇನ್ನು ಮನೆಯಲ್ಲೇ ಇರಲಿ ಎಂದು ಕಳಿಸಿದ್ದರು. ಮಾತ್ರೆಗೆ ನೋವು ಬಗ್ಗುತ್ತಿರಲಿಲ್ಲ. ಒಂದು ಬೆಳಗ್ಗೆ ನಾನು ಶಾಲೆಗೆ ಹೊರಡುವಾಗ ಕರೆದ. "ಒಂಚೂರು ಭಂಗಿ ಸಿಕ್ಕಿದ್ರೆ ನೋಡ್ತಿಯಾ? ನಮ್ಮಜ್ಜ ಹಾಲಲ್ಲಿ ಹಾಕ್ಕೊಂಡು ಕುಡೀತಿದ್ರು. ನಿದ್ದೆ ಬತ್ತಿತ್ತಂತೆ" ಎಂದ. ನನ್ನ ಬಾಯಿಂದ ತಕ್ಷಣ ಬಂದ ಮಾತು, "ಟೀಚರ್ ಮನೆಗೆ ಪೊಲೀಸ್ ಬಂದ್ರೆ ಎಂತ ಮಾಡದು?" ಅವನು "ಹೌದು, ಬ್ಯಾಡ ಬಿಡು" ಎಂದ. ಗೋಡೆಯ ಕಡೆ ಹೊರಳಿದ. ನಾನು ಶಾಲೆಗೆ ಹೋದೆ. ಅವನ ತಂಗಿ ಗೌರಿ ಹಗಲು ಹೊತ್ತು ನೋಡಿಕೊಳ್ಳಲು ಬಂದು ಉಳಿದಿದ್ದಳು. ಆಮೇಲೆ ಒಂದೂವರೆ ತಿಂಗಳು ಬದುಕಿದ್ದ. ಇನ್ನೊಂದು ಸಲ ಕೇಳಲಿಲ್ಲ.

ದೋಣಿ ಆಚೆ ದಡ ಮುಟ್ಟಿತು. ಕಾರುಗಳು ಇಳಿದವು. ನಾವು ಇಳಿಯಲಿಲ್ಲ, ಅದೇ ದೋಣಿಯಲ್ಲಿ ವಾಪಸು ಬಂದೆವು. ಅರ್ಧ ಹೊಳೆಯಲ್ಲಿ ಆ್ಯಲನ್, "ನೀನು ಹೆದರಿದ್ದು ಸರಿಯೇ ಇತ್ತು. ನಾನು ಅಲ್ಲಿ ಹುಟ್ಟಿದ್ದರೆ ನನ್ನ ಹೆಂಡತಿಯೂ ಹೆದರುತ್ತಿದ್ದಳು" ಎಂದ. ನಾನು ಲೂಸಿಯ ಮುಖ ನೋಡಿದೆ. ಅವಳು ಇದನ್ನು ಕನ್ನಡಕ್ಕೆ ಮಾಡಲಿಲ್ಲ. ಮಾಡುವ ಅಗತ್ಯವೂ ಇರಲಿಲ್ಲ.

ಭರಣಿಗಳು

ಐದು ದಿನದಲ್ಲಿ ದೊಡ್ಡ ದಂಟುಗಳೂ ಟಪ್ಪೆಂದು ಮುರಿದವು. ಮತ್ತೆ ಭರಣಿಗೆ ತುಂಬಿದೆವು, ಈ ಸಲ ಮುಕ್ಕಾಲು ಭಾಗ ಮಾತ್ರ. ಒಂದೊಂದರಲ್ಲೂ ತೇವ ಅಳೆಯುವ, ಅಂಗಿಯ ಗುಂಡಿಯಷ್ಟು ಸಣ್ಣ ಯಂತ್ರ. ಹದ ಬರುವುದು ಇನ್ನು ಮೇಲೆಯೇ ಎಂದ ಆ್ಯಲನ್. ದಿನಕ್ಕೆರಡು ಸಲ ಮುಚ್ಚಳ ತೆಗೆದು ಸ್ವಲ್ಪ ಹೊತ್ತು ಉಸಿರಾಡಲು ಬಿಡಬೇಕು, ಅಲ್ಲಾಡಿಸಬೇಕು, ಮುಚ್ಚಬೇಕು. ಎರಡು ವಾರದ ಮೇಲೆ ವಾರಕ್ಕೆರಡು ಸಲ. ಆಮೇಲೆ ಕತ್ತಲ ಕಪಾಟಿನಲ್ಲಿ ಮರೆತುಬಿಟ್ಟರೂ ನಡೆಯುತ್ತದೆ.

ತೆಗೆಯುವುದು ಮುಚ್ಚುವುದು ನನ್ನ ಕೆಲಸ. ಪ್ರತಿ ಬೆಳಗ್ಗೆ ಐದು ಭರಣಿಗಳನ್ನು ಮೇಜಿನ ಮೇಲಿಟ್ಟು ತೆರೆದು ಮೂಸುತ್ತಿದ್ದೆ. ಮೊದಲ ದಿನಗಳಲ್ಲಿ ಹಸಿ ಹುಲ್ಲು. ವಾರ ಕಳೆದ ಮೇಲೆ ಹುಲ್ಲಿನ ವಾಸನೆ ಇಳಿದು ಕಿತ್ತಳೆ ಸಿಪ್ಪೆ ಮೆಲ್ಲಗೆ ಮೇಲೆ ಬಂತು. ನಂತರ ಮೆಣಸು. ಪಕ್ಕದ ಮನೆಯ ಮುದುಕಿ ಸೇಬಿನ ಕಡುಬು ತಂದುಕೊಟ್ಟವಳು ತಾನೂ ಒಂದೊಂದು ಭರಣಿ ಮೂಸಿ, ಕೊನೆಯದು ಚೆನ್ನಾಗಿದೆ ಎಂದಳು. ಅವಳಿಗೆ ನಾನು ಅಪ್ಪೆಮಿಡಿ ಕೊಟ್ಟೆ. ಒಂದು ಚೂರು ಕಚ್ಚಿದವಳು ನೇರ ನೀರಿನ ನಲ್ಲಿಯ ಕಡೆ ಹೋದಳು.

ವೆನಿಲ್ಲಾ ಪೆಟ್ಟಿಗೆಗಳನ್ನು ಮಂಜಪ್ಪ ಹೀಗೇ ತೆಗೆಯುತ್ತಿದ್ದ. ಒಂದು ಕೋಡನ್ನು ನನ್ನ ಮೂಗಿನ ಬಳಿ ಹಿಡಿದು, "ಬಂತನ?" ಎಂದು ಕೇಳುತ್ತಿದ್ದ. ನಾನು ಇನ್ನೂ ಇಲ್ಲ ಎಂದರೆ ಮತ್ತೆ ಒಳಗೆ. ಭರಣಿ ತೆರೆದಾಗಲೆಲ್ಲ ಆ ಪ್ರಶ್ನೆ ಕೇಳುವವರಿಲ್ಲ ಎಂದು ನೆನಪಾಗುತ್ತಿತ್ತು. ದೂರದ ದೇಶಕ್ಕೆ ಹೋದರೆ ಹೋದವರ ನೆನಪು ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ. ಹಾಗೇನಿಲ್ಲ. ಅಲ್ಲಿ ನನಗೆ ಬೇರೆ ಕೆಲಸವಿರಲಿಲ್ಲ, ಅಷ್ಟೇ.

ಹೊರಡುವ ಎರಡು ದಿನ ಮೊದಲು ಆ್ಯಲನ್ ಮೊದಲ ಭರಣಿಯಿಂದ ಚೂರು ತೆಗೆಸಿ, ಲೂಸಿ ಬೆಣ್ಣೆಯಲ್ಲಿ ಕಾಯಿಸಿ ಕೊಟ್ಟದ್ದನ್ನು ಬ್ರೆಡ್ಡಿಗೆ ಸವರಿ ತಿಂದ. ಮಧ್ಯಾಹ್ನ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನಿದ್ದೆಹೋದ. ತೊಡೆಯ ಮೇಲಿದ್ದ ಕೈ ನಡುಗುತ್ತಿರಲಿಲ್ಲ. ನಾನು ಅದನ್ನು ತೋರಿಸಿದಾಗ ಲೂಸಿ, "ನಿದ್ದೇಲಿ ಯಾವಾಗ್ಲೂ ನಿಲ್ತದೆ ಕಣೆ. ಆದ್ರೆ ನಿದ್ದೆ ಬರ್ಬೇಕಲ್ಲ" ಎಂದಳು. ನಾವಿಬ್ಬರೂ ಸದ್ದು ಮಾಡದೆ ಅಲ್ಲೇ ಕೂತಿದ್ದೆವು. ಸಂಜೆಯ ಚಹಾ ಕೂಡ ಮಾಡಲಿಲ್ಲ.

ತುಮರಿ

ಹೊರಡುವ ಮೊದಲು ಬಟ್ಟೆಗಳನ್ನೆಲ್ಲ ಎರಡು ಸಲ ಒಗೆದು, ಉಗುರು ಕತ್ತರಿಸಿ, ಚೀಲವನ್ನು ಒಳಗೂ ಹೊರಗೂ ಒರೆಸಿದೆ. ಬೆಂಗಳೂರಿನಲ್ಲಿ ಇಳಿದಾಗ ಯಾರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಬಂದ ವಾರದಲ್ಲಿ ಗೌರಿ ನೋಡಲು ಬಂದಳು. ಅವಳಿಗೆ ಹೇಳಿದೆ. ಗಿಡ, ಪೊಲೀಸಿನವನು, ಬೂಸ್ಟು ಎಲ್ಲ. ಪೊಲೀಸಿನವನ ಕತೆಗೆ ಅವಳು ನಗಲಿಲ್ಲ. ಅವಳ ಅಣ್ಣ ನನ್ನ ಹತ್ತಿರ ಕೇಳಿದ್ದನ್ನೂ, ನಾನು ಆಡಿದ ಮಾತನ್ನೂ ಹೇಳಿದೆ.

"ಅತ್ಗೆ, ನಂಗೆ ಗೊತ್ತಿತ್ತು" ಎಂದಳು. "ನನ್ನತ್ರನೂ ಕೇಳಿದ್ದ. ನಾ ತಂದ್ಕೊಟ್ಟಿದ್ದೆ."

"ಎಲ್ಲಿಂದ?"

"ಎಲ್ಲಿಂದಾದ್ರೂ ಆಗ್ಲಿ. ಎರಡು ಸಲ ಹಾಲಲ್ಲಿ ಹಾಕಿ ಕೊಟ್ಟೆ. ಅಷ್ಟೇ ಸಿಕ್ಕಿದ್ದು. ನೀವು ಶಾಲೆಗೆ ಹೋಗಿದ್ರಿ. ಅವ್ಳಿಗೆ ಹೇಳ್ಬ್ಯಾಡ, ಹೆದರ್ತಾಳೆ ಅಂದಿದ್ದ. ಅದಕ್ಕೇ ಹೇಳ್ಲಿಲ್ಲ."

ನನಗೆ ಅಳು ಬರಲಿಲ್ಲ. ಸಮಾಧಾನವಾಯಿತು ಎಂದೂ ಹೇಳಲಾರೆ. ಅವನಿಗೆ ಬೇಕಾದ್ದು ಸಿಕ್ಕಿತ್ತು. ಆ ಎರಡು ಮಧ್ಯಾಹ್ನ ನಾನು ಒಂದೂವರೆ ಮೈಲಿ ದೂರದ ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿದ್ದೆ. ಮನೆಯಲ್ಲಿ ಅವನು ನೋವಿಲ್ಲದೆ ಮಲಗಿದ್ದ. ಆ ಮುಖವನ್ನು ನಾನು ನೋಡಿಲ್ಲ. ನಾನು ನೋಡಿದ್ದೆಲ್ಲ ಬೇರೆಯ ಮುಖ, ಹಲ್ಲು ಕಚ್ಚಿಕೊಂಡದ್ದು.

"ನಿದ್ದೆ ಬಂತಾ ಅವ್ರಿಗೆ?" ಎಂದು ಕೇಳಿದೆ.

"ಬಂತು."

"ಹ್ಯಾಗಿದ್ರು, ನಿದ್ದೇಲಿ?"

ಗೌರಿ ನೆನಪು ಮಾಡಿಕೊಳ್ಳುತ್ತ ಅಂಗಳದ ಕಡೆ ನೋಡಿದಳು.

"ಎಂತ ಹೇಳದು ಅತ್ಗೆ. ಬಾಯಿ ಕಳ್ಕೊಂಡು ಮಲ್ಗಿದ್ದ. ಗೊರಕೆ ಹೊಡೀತಿದ್ದ. ಎಮ್ಮೆ ಕರು ಬಂದು ಕಿಟಕಿ ಹತ್ರ ಕೂಗಿದ್ರೂ ಎಚ್ರ ಆಗ್ಲಿಲ್ಲ."

ಅದನ್ನೇ ಇನ್ನೊಂದು ಸಲ ಹೇಳು ಎಂದೆ. ಅವಳು ಹೇಳಿದಳು.